ಹಸಿರು ಮುಚ್ಚಳದ ನೀಲಗಿರಿ ಎಣ್ಣೆ

ಕುಂದಲಹಳ್ಳಿಯ ಮಾರಕ್ಕ ನೀರು ಹಾಕಿದರೆ ಕೂಸು ಅಳುವುದೇ ಇಲ್ಲ ಎಂಬ ಮಾತು ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಓಡಾಡುತ್ತಿತ್ತು. ಶುದ್ಧ ಸುಳ್ಳು. ಅವಳು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಣಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ ಬಿಸಿನೀರು ಹುಯ್ಯುವಾಗ ಕೂಸುಗಳು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದವು. ಆದರೆ ಮೈ ಒರೆಸಿ ಸಾಂಬ್ರಾಣಿ ಹೊಗೆ ತೋರಿಸಿದ ಮೇಲೆ ಮೂರು ಗಂಟೆ ಮಿಸುಕದೆ ಮಲಗುತ್ತಿದ್ದವು. ನಿದ್ದೆಗೆಟ್ಟ ತಾಯಂದಿರಿಗೆ ಅಷ್ಟು ಸಾಕಾಗಿತ್ತು. ಕೈಗುಣ ಚೆನ್ನಾಗಿದೆ ಎಂದರು. ಇಪ್ಪತ್ತಾರು ವರ್ಷದಲ್ಲಿ ಮಾರಕ್ಕ ಗಳಿಸಿದ್ದು ಆ ಒಂದು ಹೆಸರು. ಅದರ ಮೇಲೇ ಅವಳ ಅನ್ನ, ಅದರ ಮೇಲೇ ಅವಳ ಜಂಬ.

ಸ್ಫೂರ್ತಿ ತವರಿನಲ್ಲಿ ಬಾಣಂತನ ಮುಗಿಸಿ ಮೂರು ತಿಂಗಳ ಗಂಡು ಕೂಸಿನೊಡನೆ ಅಲ್ಲಿನ ತನ್ನ ಫ್ಲ್ಯಾಟಿಗೆ ಮರಳಿದಾಗ, ನೀರು ಹಾಕಲು ಮಾರಕ್ಕನನ್ನೇ ಕರೆಸಿದಳು. ಮನೆಯಿಂದಲೇ ಕಂಪನಿಯ ಕೆಲಸ ಮಾಡುವ ಈ ಹುಡುಗಿ ಒಳ್ಳೆಯವಳು. ಕಾಫಿಯನ್ನು ತಾನು ಕುಡಿಯುವ ಲೋಟದಲ್ಲೇ ಕೊಡುತ್ತಿದ್ದಳು. ಶನಿವಾರ ಭಾನುವಾರ ಫೋನಿನಲ್ಲೇ ಅರೋಮಾಥೆರಪಿ ಎಂಬ ಸುಗಂಧ ತೈಲದ ಚಿಕಿತ್ಸೆ ಕಲಿತು, ಹನ್ನೆರಡು ಪುಟ್ಟ ಸೀಸೆಗಳ ಮರದ ಪೆಟ್ಟಿಗೆ ತರಿಸಿಕೊಂಡಿದ್ದಳು. ಓದು ಬಾರದ ಮಾರಕ್ಕನಿಗೆ ಮುಚ್ಚಳದ ಬಣ್ಣ ತೋರಿಸಿ ಒಂದೊಂದರ ಗುಣವನ್ನೂ ಹೇಳಿಕೊಟ್ಟಳು. ಐವತ್ತೆಂಟರ ಹೆಂಗಸು ಒಂದೇ ವಾರದಲ್ಲಿ ಮಗ್ಗಿ ಒಪ್ಪಿಸುವಂತೆ ಒಪ್ಪಿಸತೊಡಗಿದಳು.

ಸ್ಫೂರ್ತಿಯ ಅತ್ತೆ ಸಿದ್ದಮ್ಮ ರಾಣೆಬೆನ್ನೂರಿನಿಂದ ಮೊಮ್ಮಗನನ್ನು ನೋಡಲು ಬಂದವರು ಪೆಟ್ಟಿಗೆ ಕಂಡು ಮೂಗು ಮುರಿದರು.

"ಇವೆಲ್ಲಾ ಏನ್ ಮಾಡ್ತಾವ?"

ಸೊಸೆ ಬಾಯಿ ತೆರೆಯುವ ಮೊದಲೇ ಮಾರಕ್ಕ ಮುನ್ನುಗ್ಗಿದಳು. "ನೇರಳೆ ಮುಚ್ಚಳದ್ದು ಲ್ಯಾವೆಂಡರ್ ಅಮ್ಮಾರೆ, ದಿಂಬಿಗೆ ಎರಡು ತೊಟ್ಟು ಬಿಟ್ರೆ ಸಕ್ಕತ್ ನಿದ್ದೆ. ಅಳದಿ ಮುಚ್ಚಳದ್ದು ನಿಂಬೆಉಲ್ಲು, ಸೊಳ್ಳೆ ಅತ್ರ ಸುಳಿಯಾಕಿಲ್ಲ. ಈ ಅಸ್ರುದು ನೀಲಗಿರಿ. ಮೂಗು ಕಟ್ಟಿದ್ರೆ ಬಿಸ್ನೀರಿಗೆ ಒಂದು ತೊಟ್ಟು ಆಕಿ ಅಬೆ ತಕ್ಕಂಡ್ರೆ ಕಫ ಕರಗ್ತದೆ. ಮಂಡಿ ನೋವಿಗೆ ಕೊಬ್ರಿ ಎಣ್ಣೇಲಿ ಬೆರಸ್ಬೇಕು, ಅಂಗೇ ಅಚ್ಚಿದ್ರೆ ಉರೀತದೆ. ಎಲ್ಲಾದರ ಗುಣಾನೂ ನಂಗೆ ಗೊತ್ತು ಬುಡಿ."

ಬಾಯಲ್ಲಿ ಹೇಳಿ ಬಿಡಲಿಲ್ಲ, ಸಿದ್ದಮ್ಮನ ಮಂಡಿಗೆ ತಿಕ್ಕಿಯೂ ತೋರಿಸಿದಳು. ನೋವು ತುಸು ಹಗುರಾಯಿತು. "ಡಾಕ್ಟರೇ ಆಗೀ ನೋಡು!" ಎಂದರು ಸಿದ್ದಮ್ಮ. ಮಾರಕ್ಕ ಆ ದಿನ ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದಳು.

ಹತ್ತು ದಿನದ ಮೇಲೆ ಕೂಸಿಗೆ ಶೀತವಾಯಿತು. ಸಿದ್ದಮ್ಮ ಕೆಳಗೆ ಪಾರ್ಕಿಗೆ ಹೋಗಿದ್ದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಸ್ಫೂರ್ತಿ ಹಸಿರು ಮುಚ್ಚಳದ ಸೀಸೆ ತಂದುಕೊಟ್ಟಳು.

"ಎದೆಗೆ, ಮೂಗಿನ ಹತ್ರ ಸ್ವಲ್ಪ ಹಚ್ಚಿ, ಮಾರಕ್ಕ."

"ಎಳೇ ಕೂಸಿಗೆ ಇದಾಗಾಕಿಲ್ಲ ಮೇಡಂ. ಉಸ್ರು ಇಡ್ಕಂತದೆ. ನಮ್ಮವ್ವ ತೊಟ್ಲು ಅತ್ರ ನೀಲಗಿರಿ ಸೊಪ್ಪು ಕೂಡ ತರಾಕೆ ಬಿಡ್ತಿರ್ನಿಲ್ಲ."

"ಅದು ಸೊಪ್ಪು. ಇದು ಪ್ಯೂರ್ ಆಯಿಲ್, ಕೆಮಿಕಲ್ ಏನಿಲ್ಲ. ಹಚ್ಬಿಡಿ, ನಂಗೆ ಕಾಲ್ ಇದೆ." ಬಾಗಿಲು ಮುಚ್ಚಿತು.

ಮಾರಕ್ಕ ಸೀಸೆ ಹಿಡಿದು ಕೂತಳು. ಅದೇ ಬಾಗಿಲು ತಟ್ಟಿ 'ನಾನು ಹಚ್ಚಲ್ಲ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆಂದರೆ ಹಳ್ಳಿ ಮುದುಕಿ ಆಗಿಬಿಡುತ್ತಿದ್ದಳಲ್ಲ, ಡಾಕ್ಟರ್ ಪಟ್ಟ ಸಿಕ್ಕಿ ಇನ್ನೂ ಹತ್ತೇ ದಿನ! ಓದಿದವರು ಹೇಳುತ್ತಿದ್ದಾರೆ, ಇರಬಹುದು ಎಂದುಕೊಂಡಳು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ತೊಟ್ಟು ಬೆರೆಸಿ ಎದೆಗೆ ಸವರಿದಳು, ಮೂಗಿನ ಕೆಳಗೂ ಒಂದಿಷ್ಟು ಒರೆಸಿದಳು. ಕೂಸು ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. ಮಾರಕ್ಕನ ಚೀರಾಟಕ್ಕೆ ಪಕ್ಕದ ಫ್ಲ್ಯಾಟಿನವರೂ ಓಡಿಬಂದರು.

ಆಸ್ಪತ್ರೆಯವರು ಸಂಜೆಗೆ ಕೂಸನ್ನು ನಗಿಸಿ ಕಳಿಸಿದರು. ಈ ಎಣ್ಣೆ ಎಳೆ ಮಕ್ಕಳ ಮೂಗಿನ ಬಳಿ ಸುಳಿಯಲೇ ಕೂಡದು ಎಂದು ಬೈದೂ ಕಳಿಸಿದರು. ಅಲ್ಲಿಯವರೆಗೆ ಮಾರಕ್ಕ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಕೂಸಿನ ಮುಖ ನೋಡಿ ಅವಳ ಜೀವ ಮರಳಿ ಬಂತು.

"ಯಾರು ಹಚ್ಚಿದ್ದು?" ಎಂದರು ಸಿದ್ದಮ್ಮ, ನಡುಮನೆಯಲ್ಲಿ ನಿಂತು.

"ನಾನು ಕಾಲ್‌ನಲ್ಲಿದ್ದೆ, ಅತ್ತೆ. ನಂಗೊತ್ತೇ ಇಲ್ಲ," ಎಂದಳು ಸ್ಫೂರ್ತಿ. ಕೂಸಿನ ಟೋಪಿ ಸರಿಮಾಡುತ್ತಿದ್ದಳು, ಮುಖ ಎತ್ತಲಿಲ್ಲ.

"ಮೇಡಂ, ನೀವೇ ಅಲ್ವಾ ಯೋಳಿದ್ದು..." ಮಾರಕ್ಕನ ದನಿ ಅವಳಿಗೇ ಕೇಳಿಸಲಿಲ್ಲ.

"ಎಲ್ಲಾದರ ಗುಣ ಗೊತ್ತು ಅಂತಿದ್ದೆಲ್ಲ, ಇದೊಂದು ಗೊತ್ತಿರ್ಲಿಲ್ಲೇನು?" ಎಂದು ಸಿದ್ದಮ್ಮ ಗುಡುಗಿದರು.

ಏನು ಹೇಳಬೇಕು? ಗೊತ್ತಿರಲಿಲ್ಲ ಎಂದರೆ ದಡ್ಡಿ. ಗೊತ್ತಿತ್ತು ಎಂದರೆ ಪಾಪಿ. ಮಾರಕ್ಕ ಚಪ್ಪಲಿ ಮೆಟ್ಟಿಕೊಂಡಳು.

ಮರುದಿನ ಗೇಟಿನ ಸೆಕ್ಯುರಿಟಿಯವನು ಫೋನಿನಲ್ಲಿ ಹುಡುಕಿ, ಆಪ್‌ನಲ್ಲಿ ಒಳಗೆ ಬಿಡುವವರ ಪಟ್ಟಿಯಿಂದ ನಿಮ್ಮ ಹೆಸರೇ ತೆಗೆದುಬಿಟ್ಟಿದ್ದಾರೆ ಅಕ್ಕ, ಎಂದ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಫೋಟೊ ಹಾಕಿದ್ದರು. ಆರು ಮನೆ ಒಂದೇ ಬೆಳಿಗ್ಗೆ ಹೋದವು. ಇಪ್ಪತ್ತಾರು ವರ್ಷ ಹೊತ್ತ ಹೆಸರು ಅಳಿಯಲು ಇಪ್ಪತ್ತಾರು ಗಂಟೆಯೂ ಬೇಕಾಗಲಿಲ್ಲ.

ಅದೇ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕೆಲಸ ಮಾಡುವ ಮಾರಕ್ಕನ ಸೊಸೆ ಲಾವಣ್ಯಳಿಗೆ ಏಳು ತಿಂಗಳು ತುಂಬಿತ್ತು. ತಾಯಿಯಿಲ್ಲದ ಹುಡುಗಿ, ಬಾಣಂತನವೆಲ್ಲ ಮಾರಕ್ಕನದೇ ಎಂದು ಎಂದೋ ತೀರ್ಮಾನವಾಗಿತ್ತು. ಅವಳ ಮುಂದೆ ಮಾರಕ್ಕ ಒಂದು ಅಕ್ಷರ ಬಿಡದೆ ಎಲ್ಲವನ್ನೂ ಹೇಳಿಕೊಂಡಳು. ತಾನು ಬೇಡವೆಂದದ್ದು, ಸ್ಫೂರ್ತಿ ಹಚ್ಚಿ ಎಂದದ್ದು, ಬಾಗಿಲು ಮುಚ್ಚಿದ್ದು. ಹೇಳುತ್ತಾ ಗಳಗಳ ಅತ್ತಳು.

ಲಾವಣ್ಯ ಪೂರ್ತಿ ಕೇಳಿದಳು. ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು.

"ನೀವು ಸುಳ್ಳು ಹೇಳಲ್ಲ ಅತ್ತೆ, ನಂಗೊತ್ತು. ಆ ಮೇಡಮ್ಮೇ ಹೇಳಿರ್ತಾರೆ."

ಮಾರಕ್ಕನ ಎದೆ ಒಂದು ಕ್ಷಣ ತಣ್ಣಗಾಯಿತು. ಇಡೀ ಬ್ರೂಕ್‌ಫೀಲ್ಡ್‌ನಲ್ಲಿ ಒಬ್ಬಳಾದರೂ ನಂಬಿದಳಲ್ಲ.

"ಆದ್ರೆ ಆಗಲ್ಲ ಅಂತ ಗೊತ್ತಿದ್ದೂ ಹಚ್ಚಿದ್ರಲ್ಲ," ಎಂದಳು ಲಾವಣ್ಯ, ದನಿ ಏರಿಸದೆ. "ನನ್ ಮಗೂಗೆ ನಾನೇ ನೀರು ಹಾಕ್ಕೋತೀನಿ."