ಗಂಟಿ ಕಾಕಾ ಒಪ್ಪದ ಪವಾಡ

ಗಂಟಿ ಕಾಕಾನ ಬಲಗೆನ್ನೆಯ ಚರ್ಮದೊಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕಲ್ಲಿನ ಚೂರುಗಳು ಉಳಿದುಬಿಟ್ಟಿದ್ದವು. ಕೈಯಿಂದ ಸವರಿದರೆ ತಾಗುತ್ತವೆ ಎಂದು ಅವರೇ ಹೇಳುತ್ತಿದ್ದರು. ಆದರೆ ಹೊಸಬರಿಗೆ ಮೊದಲು ಅನುಭವಕ್ಕೆ ಬರುತ್ತಿದ್ದದ್ದು ಅವರ ನೋಟ. ಎದುರಿಗಿದ್ದವರ ಕಣ್ಣನ್ನು ಬಿಟ್ಟು ತುಟಿಯನ್ನೇ ದಿಟ್ಟಿಸುತ್ತಿದ್ದರು. ಎಪ್ಪತ್ತರ ದಶಕದ ನಡುವೆ ನಾನು ಮದುವೆಯಾಗಿ ಇಳಕಲ್ಲಿಗೆ ಬಂದು, ಗಂಡ ಮಾಸ್ತರರಾಗಿದ್ದ ಸಾಲೆಯಲ್ಲೇ ಶಿಕ್ಷಕಿಯಾಗಿ ಸೇರಿದ ಹೊಸದರಲ್ಲಿ, ಆ ನೋಟಕ್ಕೆ ಮೈಯೆಲ್ಲ ಉರಿದಿತ್ತು. ಈ ಮುದುಕನಿಗೆ ಇದೆಂಥ ಚಟ ಎಂದು ಮನೆಗೆ ಬಂದು ಸಿಡಿಮಿಡಿಗೊಂಡೆ. ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವರಿಗೆ ಎರಡೂ ಕಿವಿ ಕೇಳಸೂದಿಲ್ಲ. ನಿನ್ನ ಬಾಯಿ ನೋಡಿ ಮಾತು ತಿಳ್ಕೋತಾರ. ನೀ ಜೋರಾಗಿ ಒದರಿದ್ದು ಪೂರಾ ದಂಡ" ಎಂದರು.

ಕಾಕಾ ಮೊದಲು ಊರ ಹೊರಗಿನ ಕೆಂಪು ಕಲ್ಲಿನ ಕಣಿಯಲ್ಲಿ ದುಡಿಯುತ್ತಿದ್ದವರು. ಬಂಡೆ ಒಡೆಯಲು ಇಟ್ಟು, ಹಾರಲಿಲ್ಲವೆಂದು ಎಲ್ಲರೂ ಬಿಟ್ಟಿದ್ದ ಸಿಡಿಮದ್ದು ಒಮ್ಮೆ ತಡವಾಗಿ ಹಾರಿತು. ಜೀವ ಉಳಿಯಿತು, ಕಿವಿ ಹೋದವು. ಎಚ್ಚರಿಕೆಯ ಸೀಟಿ ಕೇಳಿಸದವನಿಗೆ ಕಣಿಯಲ್ಲಿ ಏನು ಕೆಲಸ? ನಮ್ಮ ಸಭೆಯವರು ಅವರನ್ನು ಚರ್ಚಿನ ಕಸ ಹೊಡೆಯಲು, ಗಂಟೆ ಬಾರಿಸಲು ಇಟ್ಟುಕೊಂಡರು. ಕಿವುಡನಿಗೆ ಗಂಟೆಯ ಕೆಲಸ ಎಂದು ಊರಲ್ಲಿ ನಗುವವರಿದ್ದರು. ಕಾಕಾ ತಾವೇ ಮೊದಲು ನಕ್ಕುಬಿಡುತ್ತಿದ್ದರು. ಎರಡು ಕಲ್ಲುಕಂಬಗಳ ನಡುವೆ ತೂಗುತ್ತಿದ್ದ ಆ ಗಂಟೆಯನ್ನು ಬಾರಿಸಿ ಮುಗಿದ ಮೇಲೆ ಕಂಬದ ಮೇಲೆ ಅಂಗೈಯಿಟ್ಟು, ಅದರ ನಡುಕ ನಿಲ್ಲುವ ತನಕ ನಿಂತಿರುತ್ತಿದ್ದರು. "ನಿಮಗ ಕಿವಿಗೆ ಬರತೈತಿ, ನನಗ ಕೈಗೆ ಬರತೈತಿ" ಎನ್ನುವರು.

ಚರ್ಚಿನಲ್ಲಿ ಮುಂದಿನ ಬೆಂಚು ಅವರದು. ಪಾದ್ರಿಗಳು ಉಪದೇಶ ಮಾಡುತ್ತ ಪುಸ್ತಕಕ್ಕೆ ತಲೆ ಬಗ್ಗಿಸಿದರೆ ಕೂತಲ್ಲಿಂದಲೇ, "ತಲಿ ಎತ್ತಿ ಹೇಳ್ರಿ, ನನ್ನ ಪಾಲಿನ ಪ್ರಸಂಗ ನೆಲಕ್ಕ ಬೀಳಾಕತ್ತೈತಿ" ಎನ್ನುತ್ತಿದ್ದರು. ದಪ್ಪ ಮೀಸೆಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮೊದಲ ಮೀಸಿ ಕತ್ತರಿಸಿಕೊಂಡ ಬರ್ರಿ, ಆಮ್ಯಾಲೆ ಮಾತಾಡೂಣು." ಎಲೆಯಡಿಕೆ ಮೆಲ್ಲುವವರೆಲ್ಲ ಒಂದೇ ಮಾತು ಆಡುತ್ತಾರೆ ಎಂಬುದು ಅವರ ದೂರು. ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರೇ. ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಸಂಸಾರ ನಡೆಸುತ್ತಿದ್ದ ಗಟ್ಟಿ ಹೆಂಗಸು. ಮಾತು ಆಕೆಗೆ ಬಲು ಪ್ರೀತಿ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಗಂಡನ ಜೊತೆ ಹರಟೆ ಹೊಡೆಯುವ ಸುಖ ತನಗೆ ಹೋಯಿತು ಎಂದು ನನ್ನೆದುರು ಒಮ್ಮೆ ಕಣ್ಣೊರೆಸಿಕೊಂಡಿದ್ದಳು. ಗೋಡೆಗೆ ಗೋಡೆ ಹತ್ತಿದ ಮನೆ ನಮ್ಮದು.

ನಾನು ಬಂದ ಕೆಲವು ವರ್ಷಗಳಿಗೆ ನನ್ನ ಗಂಡನಿಗೆ ಹೊಟ್ಟೆನೋವು ಹತ್ತಿತು. ಮಿರಜಿನ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ಮಾಡಿ, ಗಡ್ಡೆ ಇದೆ, ಕೊಯ್ದು ತೆಗೆಯಬೇಕು, ತಡ ಮಾಡಬೇಡಿ ಎಂದರು. ಆಪರೇಷನ್ನಿನ ದಿನವೂ ಗೊತ್ತಾಯಿತು. ಅದೇ ಹೊತ್ತಿಗೆ ಬಾಗಲಕೋಟೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ, ದೂರದಿಂದ ಪ್ರಸಂಗಿಯೊಬ್ಬರು ಬರುತ್ತಾರೆ, ಅವರು ಕೈಯಿಟ್ಟರೆ ರೋಗ ಹೋಗುತ್ತದೆ ಎಂಬ ಸುದ್ದಿ ಬಂತು. ಸಭೆಯವರೆಲ್ಲ ಒಂದು ಲಾರಿ ಮಾಡಿಕೊಂಡು ಹುನಗುಂದದ ದಾರಿಯಲ್ಲಿ ಹಾಡು ಹೇಳುತ್ತ ಹೋದೆವು. ನನ್ನ ಗಂಡ ಲಾರಿಯ ಮೂಲೆಯಲ್ಲಿ ಮೊಣಕಾಲು ಮಡಚಿಕೊಂಡು ಮಲಗಿದ್ದರು. ಕಾಕು ದಾರಿಯುದ್ದಕ್ಕೂ ಗಂಡನ ಕೈ ಹಿಡಿದುಕೊಂಡೇ ಕೂತಿದ್ದಳು.

ಪ್ರಸಂಗಿ ಕಾಕಾನನ್ನು ವೇದಿಕೆಗೆ ಕರೆದರು. ಎರಡೂ ಕಿವಿಯಲ್ಲಿ ಬೆರಳಿಟ್ಟು ಬೆವರು ಸುರಿಸಿ ಪ್ರಾರ್ಥಿಸಿದರು. ಆಮೇಲೆ ಎದುರಿಗೆ ನಿಂತು, "ನಿಮ್ಮದು ಯಾವ ಊರು?" ಎಂದು ಕೇಳಿದರು.

"ಇಳಕಲ್ ರೀ."

"ಏನು ಕೆಲಸ ಮಾಡುತ್ತೀರಿ?"

"ಗಂಟಿ ಬಾರಸ್ತೇನ್ರಿ."

ಪ್ರಸಂಗಿ ಜನರ ಕಡೆ ತಿರುಗಿ, "ಕಿವುಡನ ಕಿವಿ ತೆರೆಯಿತು!" ಎಂದು ಕೂಗಿದರು. ಮೈದಾನವೆಲ್ಲ ಸ್ತೋತ್ರ, ಸ್ತೋತ್ರ ಎಂದು ಎದ್ದು ನಿಂತಿತು. ಕಾಕಾ ತಮ್ಮ ತುಟಿಗೆ ಬೆರಳು ಹಚ್ಚಿ ಏನೋ ಹೇಳಲು ಹೋದರು. ಅಷ್ಟರಲ್ಲಿ ಮೈಕು ಬೇರೆ ಕಡೆ ಹೋಗಿತ್ತು, ಹಾರ್ಮೋನಿಯಂ ಶುರುವಾಗಿತ್ತು, ಕಾಕು ಓಡಿಹೋಗಿ ವೇದಿಕೆಯ ಮೇಲೇ ಗಂಡನ ಕಾಲು ತಬ್ಬಿಕೊಂಡು ಅಳುತ್ತಿದ್ದಳು. ಕಾಕಾ ತುಟಿ ಓದುವವರು ಎಂಬುದು ನಮ್ಮೂರಿನವರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಆ ಗಳಿಗೆಯಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಬೇಡಿದ್ದು ಎದುರಿಗೆ ಬಂದು ನಿಂತಾಗ ಅದನ್ನು ಹಿಂದೆಮುಂದೆ ತಿರುವಿ ನೋಡುವವರು ಯಾರು?

ಅದಾದ ಮೇಲೆ ನನ್ನ ಗಂಡನ ಸರದಿ. ಪ್ರಸಂಗಿ ಅವರ ಹೊಟ್ಟೆಯ ಮೇಲೆ ಕೈಯಿಟ್ಟು, ಗಡ್ಡೆ ಕರಗಿದೆ, ಇನ್ನು ಕತ್ತಿ ತಾಗಿಸಿದರೆ ಅದು ಅವಿಶ್ವಾಸ ಎಂದರು. ಮರಳಿ ಬರುವಾಗ ನನ್ನ ಗಂಡ ಲಾರಿಯಲ್ಲಿ ಎದ್ದು ಕೂತು ಅರ್ಧ ರೊಟ್ಟಿ ತಿಂದರು. "ಕಾಕಾನ ಕಿವಿ ತೆರೀತು. ನನ್ನ ಹೊಟ್ಟಿ ದೇವರಿಗೆ ಯಾವ ಲೆಕ್ಕ? ಮಿರಜಿಗೆ ಹೋಗೂದ ಬ್ಯಾಡ" ಎಂದರು. ನಾನೂ ಹೂಂ ಎಂದೆ. ನಮ್ಮ ನಂಬಿಕೆಯ ಭಾರವೆಲ್ಲ ಆ ಎರಡು ಕಿವಿಗಳ ಮೇಲೆ ಕೂತಿತ್ತು.

ಮರುದಿನ ಸಂಜೆ ಕಾಕಾ ತಮ್ಮ ಮನೆಯ ಕಟ್ಟೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದರು. ನಾನು ನಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಕಾಕು ಬಾಗಿಲಲ್ಲಿ ನಿಂತು, ಹೊಸ ಸೊಸೆಯ ಹಾಗೆ ನಾಚಿಕೊಂಡು, "ಏನ್ರೀ, ಚಾ ಆರಾಕತ್ತೈತಿ" ಎಂದಳು. ಕಾಕಾ ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಆಮೇಲೆ ಜೋರಾಗಿ, ದನಿ ಒಡೆಯುವ ಹಾಗೆ ಕರೆದಳು. ಕಾಕಾ ರಸ್ತೆಯಲ್ಲಿ ಹೋಗುವ ಎತ್ತುಗಳನ್ನು ನೋಡುತ್ತ ಕೂತೇ ಇದ್ದರು. ಆಕೆ ಮುಂದೆ ಬಂದು ಬಟ್ಟಲು ಇಟ್ಟಾಗ ಅವರು ಆಕೆಯ ಮುಖ ನೋಡಿದರು, ಏನಾಯಿತೆಂದು ತಿಳಿದುಕೊಂಡರು. ಚಹಾ ಮುಟ್ಟದೆ ಎದ್ದು ನೇರ ನಮ್ಮ ಮನೆಗೆ ಬಂದರು.

"ಮಾಸ್ತರ, ನೀವು ಮಿರಜಿಗೆ ಹೋಗ್ರಿ. ನನಗೇನೂ ಆಗಿಲ್ಲ. ಅವರ ಬಾಯಿ ನೋಡಿ ಉತ್ತರ ಕೊಟ್ಟೇನಿ. ಅಲ್ಲೇ ಹೇಳಾಕ ಹೋದ್ನಿ, ಯಾರೂ ಕೇಳಲಿಲ್ಲ."

ನನ್ನ ಗಂಡ ಹಾಸಿಗೆಯಲ್ಲೇ ಗೋಡೆಯ ಕಡೆ ಮುಖ ತಿರುಗಿಸಿ, "ನಿಮ್ಮ ವಿಶ್ವಾಸ ಸಣ್ಣದು. ನಂದ್ಯಾಕ ಕೆಡಸ್ತೀರಿ?" ಎಂದು ಚೀರಿದರು. ಬೆನ್ನು ಮಾಡಿ ಆಡಿದ ಮಾತು ಕಾಕಾನಿಗೆ ಹೇಗೆ ತಿಳಿಯಬೇಕು? "ಏನಂದ್ರು ಅಕ್ಕೋರ?" ಎಂದು ನನ್ನ ತುಟಿ ನೋಡಿದರು. ನಾನು ಒಂದಕ್ಷರ ಬಿಡದೆ ಹೇಳಿದೆ. ಅವರು ಹಾಸಿಗೆಯ ಹತ್ತಿರ ಸರಿದರು.

"ಸಣ್ಣದ ಇರಬಹುದು. ಆದ್ರ ಮಾಸ್ತರ, ನನ್ನ ಕಿವಿ ನಂಬಿ ನಿಮ್ಮ ಜೀವ ಇಡಬ್ಯಾಡ್ರಿ. ದೇವರು ಮಾಡಿದ್ದನ್ನ ಮಾಡಿಲ್ಲ ಅಂದ್ರ ಹೆಂಗ ಸುಳ್ಳೋ, ಮಾಡದ್ದನ್ನ ಮಾಡ್ಯಾನ ಅಂದ್ರೂ ಹಂಗ ಸುಳ್ಳು."

ಭಾನುವಾರ ಪಾದ್ರಿಗಳು ಅವರನ್ನು ಸಾಕ್ಷಿ ಹೇಳಲು ಕರೆದರು. ಕಾಕಾ ಸಭೆಯ ಕಡೆ ಮುಖ ಮಾಡಿ ನಿಂತು ಅದೇ ಮಾತನ್ನು ಹೇಳಿದರು. ಕಾಕು ನಡುವೆಯೇ ಎದ್ದು ಸೆರಗು ಮುಚ್ಚಿಕೊಂಡು ಹೊರಟುಹೋದಳು. ಪಾದ್ರಿಗಳು ಮುಂದಿನ ಕೀರ್ತನೆ ಹಾಡಿಸಿದರು.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಕಾಕಾನ ಮೇಲೆ ಸಿಟ್ಟಾದವರಿಗೆ ಬೈಯುವ ಶ್ರಮವೂ ಇರಲಿಲ್ಲ, ಮುಖ ತಿರುಗಿಸಿದರೆ ಸಾಕಿತ್ತು. ದೇವರ ಕೆಲಸಕ್ಕೆ ಅಡ್ಡ ಬಂದವನು ಎಂದು ಸಭೆಯ ಎಷ್ಟೋ ಜನ ಅವರೆದುರು ಬಾಯಿ ತೆರೆಯುವುದನ್ನೇ ಬಿಟ್ಟರು. ಮುಂದಿನ ಬೆಂಚಿನಲ್ಲಿ ಅವರ ಪಕ್ಕ ಜಾಗ ಖಾಲಿ ಇರುತ್ತಿತ್ತು. ಎಲ್ಲಕ್ಕಿಂತ ಕಠಿಣ ಶಿಕ್ಷೆ ಕಾಕುವಿನದು. ಹೊತ್ತಿಗೆ ಸರಿಯಾಗಿ ಊಟ ಹಾಕುವಳು, ಬಟ್ಟೆ ಒಗೆಯುವಳು, ಆದರೆ ಮಾತಾಡುವುದೆಲ್ಲ ಒಲೆಯ ಕಡೆ ಮುಖ ಮಾಡಿ. ಕೇಳಿಸಿಕೊಳ್ಳಲಿ ಎಂದು ಆಡಿದ ಮಾತುಗಳಲ್ಲ ಅವು. ಕಾಕಾ ಆಕೆಯ ಬೆನ್ನು ನೋಡುತ್ತ ಊಟ ಮಾಡುತ್ತಿದ್ದರು.

"ನಿಮಗ ದೇವರ ಮ್ಯಾಲೆ ಸಿಟ್ಟ ಬರೂದಿಲ್ಲೇನ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಬರತೈತಿ. ಸಿಟ್ಟ ಬಂದ ದಿನ ಗಂಟಿ ಜೋರ ಬಾರಸ್ತೇನಿ. ನನಗ ಕೇಳಸದಿದ್ರೂ ಅವಗಂತೂ ಕೇಳತೈತಲ್ಲ."

ಕಾಕಾ ಅಂದು ಬಂದು ಹೇಳಿದ ಮೇಲೆ ನನ್ನ ಗಂಡ ಮಿರಜಿಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಆದರೂ ಹೋದರು. ಗಡ್ಡೆ ತೆಗೆದರು. ಗುಣವಾಯಿತು ಎಂದು ನಾನು ಹೇಳಲಾರೆ. ಮತ್ತೆ ಕೆಲವು ವರ್ಷ ಸೈಕಲ್ ಹೊಡೆದು ಸಾಲೆಗೆ ಹೋದರು, ಮಕ್ಕಳಿಗೆ ಲೆಕ್ಕ ಕಲಿಸಿದರು, ನನ್ನ ಜೊತೆ ಜಗಳಾಡಿದರು. ಆ ವರ್ಷಗಳು ಕಾಕಾ ಕೊಟ್ಟವು ಎಂದೇ ನನ್ನ ಎಣಿಕೆ. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ರೋಗ ಮರಳಿ ಬಂತು. ಈ ಸಲ ಮಿರಜಿನವರು ಮನೆಗೆ ಕರೆದುಕೊಂಡು ಹೋಗಿ ಎಂದರು.

ಪ್ರಾರ್ಥನೆ ಮಾಡದ ದಿನವಿಲ್ಲ. ನೋಡಲು ಬಂದವರು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟು ಹೋಗುತ್ತಿದ್ದರು. ಯಾವುದೋ ಪಾಪ, ಎಲ್ಲೋ ಅವಿಶ್ವಾಸ, ಆಗ ಕತ್ತಿ ತಾಗಿಸಿದ್ದೇ ತಪ್ಪು. ಮಕ್ಕಳಿಲ್ಲದ ಮನೆ, ಬಂದವರು ಎದ್ದು ಹೋದ ಮೇಲೆ ಆ ಕಾರಣಗಳನ್ನೆಲ್ಲ ಹಾಸಿಕೊಂಡು ನಾನೊಬ್ಬಳೇ ಕೂತಿರುತ್ತಿದ್ದೆ. ಕಾಕಾ ದಿನಾ ಮಧ್ಯಾಹ್ನ ಬಂದು ಹಾಸಿಗೆಯ ಪಕ್ಕದ ಟ್ರಂಕಿನ ಮೇಲೆ ಕೂಡುತ್ತಿದ್ದರು. ಕಾರಣ ಹೊತ್ತು ತರದವರು ಅವರೊಬ್ಬರೇ.

ಕೊನೆಯ ವಾರಗಳಲ್ಲಿ ನನ್ನ ಗಂಡನ ದನಿ ನಿಂತುಹೋಯಿತು. ತುಟಿ ಅಲ್ಲಾಡುತ್ತಿತ್ತು, ಉಸಿರಿನಷ್ಟೂ ಸದ್ದಿಲ್ಲ. ಬಾಯಿಯ ಹತ್ತಿರ ಕಿವಿಯಿಟ್ಟರೂ ನನಗೇನೂ ತಿಳಿಯಲಿಲ್ಲ. ಅವರು ಹೇಳಿ ಹೇಳಿ ದಣಿದು ಕಣ್ಣು ಮುಚ್ಚಿದರು. ಆಗ ಟ್ರಂಕಿನ ಮೇಲಿಂದ ಕಾಕಾ, "ಅಕ್ಕೋರ, ನೀವು ಊಟ ಮಾಡೀರೇನು ಅಂತ ಕೇಳಾಕತ್ತಾರ" ಎಂದರು.

ನಾನು ಗೋಡೆಗೊರಗಿ ಕೂತು ಅತ್ತೆ. ಅಂದಿನಿಂದ ನನ್ನ ಗಂಡನ ಮಾತು ನನಗೆ ಕಾಕಾನ ಬಾಯಿಂದ ಬರತೊಡಗಿತು. ಕಿಟಕಿ ತೆಗೆ. ಸಾಲೆಯ ಬೀಗದ ಕೈ ಕಪಾಟಿನಲ್ಲಿದೆ. ಕಾಲು ತಣ್ಣಗಾಗಿದೆ. ಒಂದು ದಿನ ಬಹಳ ಹೊತ್ತು ಕಾಕಾನ ಕಡೆಯೇ ನೋಡುತ್ತ ಏನೋ ಹೇಳಿದರು. ಏನೆಂದು ಕೇಳಿದೆ. "ಅದು ನನಗ ಹೇಳಿದ್ದರಿ" ಎಂದು ಕಾಕಾ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು.

"ಇದಕ್ಕಂತನ ದೇವರು ನಿಮ್ಮ ಕಿವಿ ತೆರೀಲಿಲ್ಲೇನೋ ಕಾಕಾ" ಎಂದೆ. ಅವರು ತಲೆ ಅಲ್ಲಾಡಿಸಿದರು.

"ಹಂಗ ಅನಬ್ಯಾಡ್ರಿ. ಅದೂ ಸುಳ್ಳ ಆಗತೈತಿ. ಅವ ಯಾಕ ತೆರೀಲಿಲ್ಲ ಅಂತ ನನಗ ಹೇಳಿಲ್ಲ. ಹೇಳದಿದ್ರೂ ಅವನ ಸಂಗಾಟ ಅದೇನಿ, ಅಷ್ಟ."

ಕೊನೆಯ ದಿನ ಕೋಣೆಯ ತುಂಬ ಸಭೆಯ ಹಿರಿಯರು. ನನ್ನ ಗಂಡನ ತುಟಿ ಅಲ್ಲಾಡಿತು. "ಏನಂದ್ರು? ಕರ್ತನ ಹೆಸರು ಹೇಳಿದ್ರಾ?" ಎಂದು ಎಲ್ಲರೂ ಕಾಕಾನ ಕಡೆ ತಿರುಗಿದರು. ಎಷ್ಟೋ ವರ್ಷಗಳ ಮೇಲೆ ಆ ಹಿರಿಯರ ಮುಖ ಕಾಕಾನ ಕಡೆ ತಿರುಗಿದ್ದು ಆಗಲೇ.

"ಇಲ್ಲ. ನೀರು ಕೇಳ್ಯಾರ" ಎಂದರು ಕಾಕಾ.

ನೀರು ಹಾಕಿದೆ. ಹಿರಿಯರು ಹೊರಗೆ ಹೋದ ಮೇಲೆ ನನ್ನ ಗಂಡ ನನ್ನನ್ನು ನೋಡುತ್ತ ಮತ್ತೊಮ್ಮೆ ತುಟಿ ಅಲ್ಲಾಡಿಸಿದರು. ಕಾಕಾ ಮುಂದೆ ಬಗ್ಗಿ ನೋಡಿ, ತಡೆದು ಹೇಳಿದರು: "'ಒಬ್ಬಾಕಿನ ಆಗ್ತಾಳ' ಅಂದ್ರು."

"ಮತ್ತೇನಂದ್ರು? ದೇವರು ನೋಡ್ಕೋತಾನ ಅಂದ್ರೇನು?"

ಹೌದು ಎಂದುಬಿಟ್ಟಿದ್ದರೆ ಕಾಕಾ ಕಳೆದುಕೊಳ್ಳುವುದೇನೂ ಇರಲಿಲ್ಲ. ನನಗೆ ಅದು ಎಷ್ಟು ಬೇಕಾಗಿತ್ತು ಎಂಬುದು ನನ್ನ ಮುಖ ನೋಡುತ್ತಿದ್ದ ಅವರಿಗೆ ಗೊತ್ತಿತ್ತು.

"ಇಲ್ಲ ಅಕ್ಕೋರ. ಅವರು ಅಂದದ್ದು ಅಷ್ಟ. ದೇವರು ನೋಡ್ಕೋತಾನ ಅನ್ನೂದು ನನ್ನ ಮಾತು. ಅವರದಲ್ಲ."

ಸಂಜೆಯ ಹೊತ್ತಿಗೆ ನನ್ನ ಗಂಡ ಹೋದರು. ಕಾಕಾ ಗಂಟೆ ಬಾರಿಸಿ ಕಂಬದ ಮೇಲೆ ಕೈಯಿಟ್ಟು ನಿಂತದ್ದನ್ನು ನಾನು ಬಾಗಿಲಿಂದ ನೋಡಿದೆ.

ಕಾಕಾ ಅದಾದ ಎರಡು ಬೇಸಿಗೆ ದಾಟಿ ತೀರಿಕೊಂಡರು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ ಎಂದು ಡಾಕ್ಟರು ಹೇಳಿದ್ದರು. ಅವರ ಕೊನೆಯ ದಿನ ಮುಸ್ಸಂಜೆ ಕರೆಂಟು ಹೋಗಿತ್ತು. ನಾನು ಗಂಜಿ ತೆಗೆದುಕೊಂಡು ಹೋದಾಗ ಕಾಕು ಹಾಸಿಗೆಯ ಪಕ್ಕ ಕೂತಿದ್ದಳು. ಕಂದೀಲನ್ನು ಕಾಕಾನ ಕಡೆ ಹಿಡಿದಿರಲಿಲ್ಲ. ಎರಡೂ ಕೈಯಿಂದ ಎತ್ತಿ ತನ್ನ ಮುಖದ ಹತ್ತಿರ, ತುಟಿ ಕಾಣುವ ಹಾಗೆ ಹಿಡಿದುಕೊಂಡಿದ್ದಳು. ಮೆಲ್ಲಗೆ, ದನಿಯಿಲ್ಲದೆ, ಎಷ್ಟೋ ಹೊತ್ತು ಮಾತಾಡಿದಳು. ಕಾಕಾ ಹೂಂ, ಹೂಂ ಎನ್ನುತ್ತಿದ್ದರು. ಏನು ಹೇಳಿದಳೋ ನನಗೆ ತಿಳಿಯದು. ಗಂಜಿಯನ್ನು ಹೊಸ್ತಿಲ ಬಳಿ ಇಟ್ಟು ಬಂದೆ.

ಮರುದಿನ ಅವರ ಸಾವಿನ ಗಂಟೆ ಬಾರಿಸಲು ಯಾರೂ ಮುಂದೆ ಬರಲಿಲ್ಲವೆಂದು ನಾನೇ ಹಗ್ಗ ಹಿಡಿದೆ. ಕಲ್ಲಿನ ನಡುಕ ನಿಜವಾಗಿಯೂ ಅಂಗೈಗೆ ಬರುತ್ತದೆ.

ನನ್ನ ಗಂಡನ ಕೊನೆಯ ದಿನ ಆ ಕೋಣೆಯಲ್ಲಿ ಕೇಳಿದ ಎರಡು ಮಾತುಗಳನ್ನು ನಾನು ಬೆರೆಸಿಲ್ಲ. ಒಬ್ಬಳೇ ಆಗುತ್ತಾಳೆ ಎಂದದ್ದು ನನ್ನ ಗಂಡ. ಅದು ಹಾಗೆಯೇ ಆಯಿತು, ದಿನಾ ಸಂಜೆ ಒಂದೇ ತಾಟು ತೊಳೆದಿಡುವಾಗ ನೋಡುತ್ತೇನೆ. ದೇವರು ನೋಡಿಕೊಳ್ಳುತ್ತಾನೆ ಎಂದದ್ದು ಕಾಕಾ. ಅದನ್ನು ನಂಬಿದ್ದೇನೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.