ಚಹಾ ಬಿಟ್ಟವಳು ಮಾತೂ ಬಿಟ್ಟಿದ್ದಳು

ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ಬಂದರೆ ನಮ್ಮ ಬೈಲಹೊಂಗಲದ ಓಣಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮನೆಮನೆಯಲ್ಲೂ ವಿಭೂತಿ ಹಚ್ಚುವವರ ನಡುವೆ ನನ್ನದು ಸ್ವಲ್ಪ ಕಪ್ಪು, ಅಷ್ಟೇ. ಎದುರು ಮನೆಯ ಗೌಡಶಾನಿ ಮಾತ್ರ ಪ್ರತಿವರ್ಷ ಹತ್ತಿರ ಬಂದು ಪರೀಕ್ಷೆ ಮಾಡಿ, ಮೂರು ಬೆರಳಿನಿಂದ ನೆಟ್ಟಗೆ ಹಚ್ಚುವುದನ್ನು ನಿಮ್ಮ ಫಾದರಿಗೆ ಯಾರೂ ಕಲಿಸಿಲ್ಲವೇ ಎಂದು ಕೇಳುತ್ತಾರೆ.

ಅಂದಿನಿಂದ ಈಸ್ಟರ್ ಹಬ್ಬದವರೆಗೆ ನಲವತ್ತು ದಿನ ನಮಗೆ ತಪಸ್ಸುಕಾಲ. ಪ್ರೀತಿಯದ್ದೇನನ್ನಾದರೂ ಬಿಡಬೇಕು. ನಾನು ಚಹಾ ಬಿಡುತ್ತೇನೆ, ಬಿಟ್ಟಿದ್ದೇನೆಂದು ಊರಿಗೆಲ್ಲ ಹೇಳುತ್ತೇನೆ. ಮೊದಲ ಸಲ ಹೇಳಿದಾಗ ಗೌಡಶಾನಿ ಬಹಳ ಮರುಗಿದರು. ಅವರು ಕಾಶಿಗೆ ಹೋಗಿ ಬಂದವರು. ಅಲ್ಲಿ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬಂದರೆ ಮುಗಿಯಿತು, ಬದುಕಿರುವ ತನಕ ಮತ್ತೆ ಮುಟ್ಟುವ ಹಾಗಿಲ್ಲ. ಅವರು ಬಿಟ್ಟು ಬಂದದ್ದು ಹಾಗಲಕಾಯಿ. ಅದು ಅವರಿಗೆ ಎಂದಾದರೂ ಸೇರುತ್ತಿತ್ತೇ ಎಂದು ನಾನು ಕೇಳಿಲ್ಲ, ಕಾಶಿಯಲ್ಲೂ ಯಾರೂ ಕೇಳಿರಲಿಕ್ಕಿಲ್ಲ.

ಆ ವರ್ಷ ಈಸ್ಟರ್ ಬೆಳಿಗ್ಗೆ ನಾನು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದಾಗ ಅವರು ಬಂದುಬಿಟ್ಟರು. ವ್ರತ ಮುರಿದವಳನ್ನು ನೋಡುವಂತೆ ನೋಡಿದರು. ನಮ್ಮಲ್ಲಿ ಬಿಟ್ಟದ್ದನ್ನು ಹಬ್ಬಕ್ಕೆ ಮತ್ತೆ ಹಿಡಿಯುತ್ತೇವೆ ಎಂದು ಎಷ್ಟು ಬಿಡಿಸಿ ಹೇಳಿದರೂ, ಇದು ಬಿಡುವುದಲ್ಲ, ರಜೆಯ ಮೇಲೆ ಕಳಿಸುವುದು ಎಂದು ತೀರ್ಪು ಕೊಟ್ಟು ಹೋದರು.

ಈ ವರ್ಷ ಫಾದರ್ ಹೊಸದೊಂದು ತೆಗೆದರು. ಮಾಂಸ, ಚಹಾ, ಮೊಬೈಲು ಬಿಟ್ಟದ್ದು ಸಾಕು, ಮನಸ್ಸಿನ ಮೇಲಿನ ಭಾರ ಯಾವುದೋ ಅದನ್ನು ಚೀಟಿಯಲ್ಲಿ ಬರೆದು ಶಿಲುಬೆಯ ಕೆಳಗಿನ ಡಬ್ಬಿಗೆ ಹಾಕಿ ಎಂದರು. ನಾನು 'ತಂಗಿ' ಎಂದು ಬರೆದೆ. ಹೊಡೆದು ಹಾಕಿ, ಕೆಳಗೆ 'ಚಹಾ' ಎಂದು ಬರೆದೆ. ಯಾರೋ ಓದಲು ಕಾದಿದ್ದಾರೆ ಎನ್ನುವಂತೆ ನಾಲ್ಕು ಸಲ ಮಡಿಚಿದೆ.

ತಂಗಿ ಇರುವುದು ರಾಮದುರ್ಗದಲ್ಲಿ. ಅವ್ವ ಕೊನೆಯ ನಾಲ್ಕು ವರ್ಷ ನನ್ನ ಹತ್ತಿರ ಇದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ನಾನು ಆಸ್ಪತ್ರೆಯಲ್ಲಿ ನರ್ಸು. ಇಂಥ ಜೋಡಿ ಒಂದೇ ಮನೆಯಲ್ಲಿರಬಾರದು. ಸಕ್ಕರೆ ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ನಾನು ಕೊಟ್ಟ ಸಪ್ಪೆ ಚಹಾವನ್ನು ಅವ್ವ ಔಷಧದ ಹಾಗೆ ಮುಖ ಕಿವಿಚಿಕೊಂಡು ಕುಡಿಯುತ್ತಿದ್ದಳು. ತೀರಿಕೊಳ್ಳುವ ವಾರ ಒಂದು ಚಮಚ ಹಾಕು ಎಂದು ಕೇಳಿದಳು. ನಾನು ಹಾಕಲಿಲ್ಲ, ಮೇಲೆ ಉಪದೇಶವನ್ನೂ ಮಾಡಿದೆ.

ಅವ್ವ ತೀರಿಕೊಂಡು ತಿಂಗಳಾದಾಗಿನ ಪ್ರಾರ್ಥನೆಯ ದಿನ, ನೆಂಟರೆಲ್ಲ ಊಟಕ್ಕೆ ಕುಳಿತಾಗ ತಂಗಿ ಅಂದಳು: "ಅವ್ವಗ ಕಡೀಕ ಒಂದ ಕಪ್ಪ ಛಲೋ ಚಹಾ ಸೈತ ಕೊಡಲಿಲ್ಲ ನೀ."

ಅಂದೇ ಮಾತು ಬಿಟ್ಟೆ. ಸುಳ್ಳು ಆರೋಪ ಮಾಡಿದಳು, ಅದಕ್ಕೆ ಸಿಟ್ಟು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದೆ. ಸುಳ್ಳಾಗಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ನಿಜವಾಗಿತ್ತು, ಅದಕ್ಕೇ ಎರಡು ವರ್ಷ ನೋಯಿತು.

ತಪಸ್ಸುಕಾಲ ಅರ್ಧ ಕಳೆದಿತ್ತು. ಚಹಾ ಇಲ್ಲದೆ ತಲೆ ಸಿಡಿಯುತ್ತಿದೆ ಎಂದು ಕಟ್ಟೆಯ ಮೇಲೆ ಕುಳಿತು ನನ್ನ ತ್ಯಾಗದ ವರದಿ ಒಪ್ಪಿಸುತ್ತಿದ್ದೆ. ಗೌಡಶಾನಿ ಮೆಂತ್ಯ ಸೋಸುತ್ತ ಎಲ್ಲ ಕೇಳಿಸಿಕೊಂಡರು.

"ಬಿಟ್ಟದ್ದನ್ನ ಹಬ್ಬಕ್ಕ ಮತ್ತ ಹಿಡಿತೇವಿ ಅಂದಿದ್ರೆಲ್ಲ ಬಾಯಾರ," ಎಂದರು. "ತಂಗಿ ಕೂಡ ಮಾತು ಬಿಟ್ಟು ಎರಡು ವರ್ಷ ಆತು. ಆ ಮಾತಿಗೆ ಈಸ್ಟರ್ ಯಾವಾಗ ಬರತೈತ್ರಿ?"

ಅವರು ತಲೆ ಎತ್ತದೆ ಸೊಪ್ಪು ಸೋಸುತ್ತಲೇ ಇದ್ದರು. ಅಷ್ಟು ಹೊತ್ತು ಅಲ್ಲಿ ಕುಳಿತದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಮರುದಿನ ಸವದತ್ತಿಯವರೆಗೆ ಒಂದು ಬಸ್ಸು, ಅಲ್ಲಿಂದ ರಾಮದುರ್ಗಕ್ಕೆ ಇನ್ನೊಂದು. ಸವದತ್ತಿ ಸ್ಟ್ಯಾಂಡಿನಲ್ಲಿ ಗುಡ್ಡದಿಂದ ಇಳಿದು ಬಂದ ಹೆಂಗಸೊಬ್ಬಳು ನನ್ನ ಮುಖ ನೋಡಿ ಏನು ಕಷ್ಟವೆಂದುಕೊಂಡಳೋ, ಕೇಳದೆಯೇ ಹಣೆಗೆ ಎಲ್ಲಮ್ಮನ ಭಂಡಾರ ಹಚ್ಚಿ ಎಲ್ಲ ಛಲೋ ಆಗುತ್ತದೆ ಎಂದಳು. ಬೂದಿ ಮಾಸಿದ ಹಣೆಯ ಮೇಲೆ ಈಗ ಅರಿಸಿನ. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಪಕ್ಕದಲ್ಲೇ ಚಹಾ ಕುದಿಯುತ್ತಿತ್ತು, ಆ ಕಡೆ ಮಾತ್ರ ನೋಡಲಿಲ್ಲ.

ತಂಗಿ ಬಾಗಿಲು ತೆಗೆದವಳು ಮೊದಲು ನನ್ನ ಹಣೆ ನೋಡಿದಳು, ಆಮೇಲೆ ನನ್ನನ್ನು. ಊಟ ಆಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟಳು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ದೊಡ್ಡ ಮಾತುಗಳೆಲ್ಲ ಎತ್ತ ಹೋದವೋ. ಅವಳ ಬೆನ್ನಿಗೆ ಹೇಳಿದೆ: "ನೀ ಅಂದದ್ದು ಖರೇ ಐತಿ. ಅವ್ವ ಕೇಳಿದ್ಲು, ನಾ ಕೊಡಲಿಲ್ಲ."

ಅವಳು ಚಹಾಪುಡಿ ಹಾಕಿ ಉರಿ ಸಣ್ಣಗೆ ಮಾಡಿದಳು. "ನಾ ಕೊಟ್ಟೇನಿ," ಅಂದಳು. "ತಿಂಗಳಿಗೊಮ್ಮೆ ಬಂದಾಗೆಲ್ಲ, ನೀ ಡ್ಯೂಟಿಗೆ ಹೋದ ಮ್ಯಾಲೆ. ಅದಕ್ಕ ಅವ್ವ ಲಗೂನ ಹೋದ್ಲೇನೋ ಅಂತ ನನಗ ಹೆದರಿಕಿ. ಆ ಹೆದರಿಕಿ ತಗೊಂಡು ನಿನ್ನ ಮ್ಯಾಲೆ ಹಾಕಿದೆ, ಅಕ್ಕಾ."

ತಂಗಿ ಬಂದು ಹೋದ ಮೇಲೆಲ್ಲ ಅವ್ವನ ಸಕ್ಕರೆ ಯಾಕೆ ಏರುತ್ತಿತ್ತೆಂದು ನನಗೆ ಆಗ ತಿಳಿಯಿತು. ನಾನು ಗುಳಿಗೆಯನ್ನು ಬೈದಿದ್ದೆ, ಅಳೆಯುವ ಮಷಿನ್ನನ್ನೂ ಬದಲಿಸಿದ್ದೆ. ಅವ್ವ ಮಾತ್ರ ಏನೂ ಅರಿಯದ ಮಗುವಿನಂತೆ ಬೆರಳು ಚಾಚಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ನೌಕರಿ ಮಾಡಿದ ನರ್ಸಿಗೆ ಇಬ್ಬರೂ ಸೇರಿ ಟೋಪಿ ಹಾಕಿದ್ದರು. ಸಿಟ್ಟು ಬರಬೇಕಾಗಿತ್ತು. ಬದಲಿಗೆ, ಅವ್ವನಿಗೆ ಸಿಕ್ಕಿತ್ತಲ್ಲ ಎಂದು ಕಣ್ಣೀರು ಬಂತು.

"ತಿಂಗಳಿಗೊಮ್ಮೆ ಒಂದ ಕಪ್ಪ ಚಹಾಕ್ಕ ಯಾರೂ ಸಾಯಂಗಿಲ್ಲ," ಎಂದೆ. ಅವ್ವನಿದ್ದಾಗ ಈ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ತಂಗಿ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿ ತೆಗೆದಳು. ತಪಸ್ಸುಕಾಲದಲ್ಲಿ ನಾನು ಚಹಾ ಬಿಡುವುದು ಅವಳಿಗೂ ಗೊತ್ತು. ಆದರೂ ಚಮಚ ಹಿಡಿದು, ನಿನಗೆಷ್ಟು ಹಾಕಲಿ ಎಂದು ಕೇಳಿದಳು.

"ಅವ್ವಗ ಎಷ್ಟ ಹಾಕತಿದ್ದಿ?"

"ಎರಡ ಚಮಚ."

"ಅಷ್ಟ ಹಾಕು," ಎಂದೆ.