ಎಂಬತ್ತೊಂದನೆಯ ಹೆಸರು

ಹದಿನಾಲ್ಕನೇ ವಯಸ್ಸಿನಲ್ಲಿ ಡಿಂಪ್ನಾ ಗಿಲ್‌ರಾಯ್ ಕ್ಯಾಮೋಗಿ ಎಂಬ ಕೋಲು-ಚೆಂಡಿನ ಆಟದ ಶಾಲಾ ತಂಡದ ಜೊತೆ ಕೋಲು ಹಿಡಿದು ನಿಂತ ಫೋಟೋ ಊರಿನ ಪತ್ರಿಕೆಯಲ್ಲಿ ಬಂದಿತ್ತು. ಕೆಳಗೆ ಹದಿನಾಲ್ಕು ಹೆಸರು, ಆಮೇಲೆ 'ಮತ್ತು ಇತರರು'. ತಂಡದಲ್ಲಿದ್ದವರು ಹದಿನೈದು ಜನ.

ಆ ಪತ್ರಿಕೆಯ ಸಂಪಾದಕರು ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಡಿಂಪ್ನಾ ಅವರನ್ನು ಕ್ಷಮಿಸಿದ್ದಾಳೆ. ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದಲ್ಲಿ ಹೊಸದಾಗಿ ಕ್ಷಮಿಸುತ್ತಾಳೆ.

ದೊಡ್ಡವಳಾದ ಮೇಲೆ ಅದೇ ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಗೈರುಹಾಜರಿ, ಬಸ್ಸು, ಮೂಗಿನಿಂದ ರಕ್ತ ಬಂದವರು, ಎಲ್ಲ ಅವಳ ಪಾಲಿಗೆ. ಜೊತೆಗೆ ವರ್ಷಕ್ಕೆ ಮೂರು ಸಲ, ಅಂದರೆ ಕ್ರಿಸ್ಮಸ್‌ಗೆ, ಈಸ್ಟರ್‌ಗೆ, ಮೇ ತಿಂಗಳ ಕೊನೆಗೆ, ನಾಲ್ಕು ಪುಟದ ಸುದ್ದಿಪತ್ರ. ಮೊದಲ ವರ್ಷವೇ ಅವಳು ಒಂದು ನಿಯಮ ಮಾಡಿಕೊಂಡಳು: ಆರು ವರ್ಷ ಓದಿ ಹೊರಟ ಯಾವ ಹುಡುಗಿಯೂ ಒಮ್ಮೆಯಾದರೂ ಅಚ್ಚಿನಲ್ಲಿ ಹೆಸರು ಕಾಣದೆ ಗೇಟು ದಾಟಬಾರದು. ಇದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ, ಬಿಡು ಎಂದರೆ ಕೇಳುವವಳೂ ಅವಳಲ್ಲ.

ಎಲ್ಲರಿಗೂ ಸಾಧನೆ ಎಲ್ಲಿಂದ ತರುವುದು? ಸಾಧನೆ ಇಲ್ಲದಿದ್ದರೆ ಸುದ್ದಿ, ಸುದ್ದಿಯೂ ಇಲ್ಲದಿದ್ದರೆ ವಾಸಿಯಾದ ಕಾಯಿಲೆ. 'ಎರಡನೇ ವರ್ಷದ ಓರ್ಲಾ ಹೆಸ್ಟರ್ ಅವರ ಕಡಸು ಕೃಷಿ ಮೇಳದಲ್ಲಿ ಮೂರನೆಯದಾಯಿತು.' 'ಮೀವ್ ಕಾನ್‌ಬಾಯ್ ಟಾನ್ಸಿಲ್ ತೆಗೆಸಿಕೊಂಡಿದ್ದು, ದೇವರ ದಯೆಯಿಂದ ಈಗ ಟೋಸ್ಟ್ ತಿನ್ನುತ್ತಿದ್ದಾರೆ.' ಒಂದು ವರ್ಷ ಏನೂ ಸಿಗದೆ, ಬಿಷಪ್ ಬಂದಾಗ ಬಾಗಿಲು ಹಿಡಿದು ನಿಂತವಳ ಹೆಸರೂ ಬಂತು. ಬಾಗಿಲು ತಾನಾಗಿಯೇ ತೆರೆದುಕೊಳ್ಳುವಂಥದ್ದು. ಬಿಷಪ್ ಮಾತ್ರ ಆ ಹುಡುಗಿಗೆ ಕೈ ಕುಲುಕಿ ಧನ್ಯವಾದ ಹೇಳಿದ್ದರು.

ಇಪ್ಪತ್ಮೂರು ವರ್ಷ ನಿಯಮ ಎಳ್ಳಷ್ಟೂ ತಪ್ಪಲಿಲ್ಲ. ಹೊಸ ಪ್ರಾಂಶುಪಾಲ ಮಿಸ್ಟರ್ ಟಾನ್ಸಿಗೆ ಈ ವಿಷಯ ತಿಳಿದದ್ದೇ, ಈ ಸಲದ ಬೀಳ್ಕೊಡುಗೆ ಪೂಜೆಯಲ್ಲಿ ಬಿಷಪ್ ಎದುರು ಹೇಳಿಬಿಡುವುದೆಂದು ಭಾಷಣದಲ್ಲಿ ಬರೆದುಕೊಂಡರು. ಈ ವರ್ಷ ಹೊರಡುವವರು ಎಂಬತ್ತೊಂದು ಜನ, ಎಂಬತ್ತೊಂದೂ ಹೆಸರು.

ಮೇ ತಿಂಗಳಲ್ಲಿ ಡಿಂಪ್ನಾ ಪಟ್ಟಿ ತೆಗೆದು ಗುರುತು ಹಾಕುತ್ತಾ ಬಂದಾಗ ಎಂಬತ್ತಕ್ಕೆ ನಿಂತಿತು. ಉಳಿದವಳು ಕೀವಾ ಲಾವಿನ್.

ಡಿಂಪ್ನಾಗೆ ನಂಬಿಕೆಯೇ ಬರಲಿಲ್ಲ. ರೋಷೀನ್ ಲಾವಿನ್‌ಳ ತಂಗಿ! ಮೂರು ವರ್ಷದ ಹಿಂದೆ ಶಾಲೆ ಬಿಟ್ಟ ರೋಷೀನ್ ಹದಿನೆಂಟು ಸಂಚಿಕೆಗಳಲ್ಲಿ ನಲವತ್ತೊಂದು ಸಲ ಬಂದಿದ್ದಳು. ಗಣಿತ, ಗಾಯನ, ಚರ್ಚಾಕೂಟ, ಕೊನೆಗೆ ಶಾಲೆಯ ನಾಯಕಿ. ನಲವತ್ತೊಂದನ್ನೂ ಡಿಂಪ್ನಾ ತಾನೇ ಕೂತು ಖುಷಿಯಿಂದ ಬರೆದಿದ್ದಳು.

ಭೂಗೋಳದ ಟೀಚರನ್ನು ಕೇಳಿದಳು. "ಕೀವಾನಾ? ಕಿಟಕಿ ಪಕ್ಕ ಕೂರ್ತಾಳೆ" ಎಂದರು ಅವರು. ಸ್ವಲ್ಪ ಯೋಚಿಸಿ, "ಒಳ್ಳೆ ಹುಡುಗಿ" ಎಂದೂ ಸೇರಿಸಿದರು. ಡಿಂಪ್ನಾ ತಲೆ ಕೆರೆದುಕೊಂಡು, ಕಳೆದ ಬೇಸಿಗೆಯಲ್ಲಿ ಶಾಲೆಯವರೆಲ್ಲ ಯಾತ್ರೆಗೆಂದು ಬೆಟ್ಟ ಹತ್ತಿದ್ದನ್ನು ನೆನಪಿಸಿಕೊಂಡು, 'ಕೀವಾ ಲಾವಿನ್ ಬೆಟ್ಟವನ್ನು ಯಶಸ್ವಿಯಾಗಿ ಹತ್ತಿ ಇಳಿದರು' ಎಂದು ಬರೆದಳು. ಇಳಿದದ್ದಂತೂ ನಿಜ, ಮರುದಿನ ಹಾಜರಿಯಿತ್ತು.

ಮಧ್ಯಾಹ್ನ ಆಫೀಸಿನ ಕಿಟಕಿಗೆ ಯಾರೋ ಬಡಿದರು. ಕೀವಾ.

"ಮಿಸ್, ಭೂಗೋಳದ ಮಿಸ್ ಹೇಳಿದ್ರು, ನನ್ನ ಹೆಸರು ಹುಡುಕ್ತಿದೀರಂತೆ. ದಯವಿಟ್ಟು ಹಾಕ್ಬೇಡಿ."

"ನಾಚ್ಕೋಬೇಡ ಕಣೇ, ಒಂದೇ ಸಾಲು. ಬೆಟ್ಟದ್ದು."

"ಅರ್ಧಕ್ಕೇ ಕೂತ್ಬಿಟ್ಟೆ ಮಿಸ್. ಕಾಲು ನೋವು ಅಂದೆ."

"ನೋವಿತ್ತಾ?"

"ಇಲ್ಲ. ಮೇಲೆ ಹೋದವರದೆಲ್ಲ ಫೋಟೋ ತೆಗೀತಿದ್ರು."

ಡಿಂಪ್ನಾ ಕನ್ನಡಕ ತೆಗೆದಿಟ್ಟಳು. "ಕಳೆದ ವರ್ಷ ಪ್ರಬಂಧಕ್ಕೆ ಎರಡನೇ ಬಹುಮಾನ ಬಂದಿತ್ತಲ್ಲ, ಹೆಸರು ಆಮೇಲೆ ಕೊಡ್ತೀನಿ ಅಂತ ನಿಮ್ಮ ಟೀಚರ್ ಕೊಡ್ಲೇ ಇಲ್ಲ. ಅದು ನೀನೇನಾ?"

"ನಾನೇ ಮಿಸ್. ಕೊಡ್ಬೇಡಿ ಅಂತ ಅವರ ಕಾಲು ಹಿಡಿದೆ. ಮೊದಲ ನಾಲ್ಕು ವರ್ಷ ನನಗೆ ಏನೂ ಬರ್ತಾ ಇರ್ಲಿಲ್ಲ, ಹೆಸರು ತಪ್ಪಿಸ್ಕೊಳ್ಳೋದು ಸುಲಭವಾಗಿತ್ತು. ಆಮೇಲೇನೇ ಕಷ್ಟ ಆಗಿದ್ದು."

"ನಿಮ್ಮಕ್ಕನ ಹೆಸರು ಅಷ್ಟು ಸಲ ಬಂತಲ್ಲೇ, ನಿಂಗೇನು ಬಂತು ರೋಗ?"

ಕೀವಾ ಕಿಟಕಿಯ ಕಟ್ಟೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. "ನೀವು ಬರೆದದ್ದನ್ನೆಲ್ಲ ಅಮ್ಮ ಕತ್ತರಿಸಿ ಫ್ರೇಮ್ ಹಾಕ್ಸಿದಾರೆ ಮಿಸ್. ಮುಂಬಾಗಿಲಿಂದ ಅಡುಗೆಮನೆ ತನಕ ಗೋಡೆ ತುಂಬಾ ರೋಷೀನೇ. ಅವಳು ಡಬ್ಲಿನ್‌ನಲ್ಲಿ ಕಾಲೇಜು ಬಿಟ್ಟು ಮನೆಗೆ ಬಂದು ಒಂದೂವರೆ ವರ್ಷ ಆಯ್ತು. ಏನಾಯ್ತು ಅಂತ ಯಾರಿಗೂ ಹೇಳಲ್ಲ, ಅಳ್ತಾಳೆ ಅಷ್ಟೆ. ಅವಳು ಮುಂಬಾಗಿಲಿಂದ ಬರೋದೇ ಇಲ್ಲ ಮಿಸ್. ಮಳೆ ಬಂದ್ರೂ ಸುತ್ತು ಹಾಕಿ ಹಿಂದಿನಿಂದ ಬರ್ತಾಳೆ."

"ಅಮ್ಮನಿಗೆ ತೆಗೀರಿ ಅಂತ ಹೇಳ್ಬಾರ್ದಾ?"

"ಹೇಳಿದೆ. ಹುಷಾರಾದ ಮೇಲೆ ಅವಳಿಗೇ ಖುಷಿಯಾಗತ್ತೆ ಅಂತಾರೆ. ಪಕ್ಕದಲ್ಲಿ ನಂಗೂ ಒಂದು ಮೊಳೆ ಹೊಡೆದಿಟ್ಟಿದಾರೆ. ಖಾಲಿ ಮೊಳೆ. ಅದು ಖಾಲಿ ಇರೋ ತನಕ ನಾವಿಬ್ರೂ ಒಂದೇ ಪಾರ್ಟಿ ಮಿಸ್. ಸೋತವರ ಪಾರ್ಟಿ ಅಂತ ರೋಷೀನ್ ತಮಾಷೆ ಮಾಡ್ತಾಳೆ. ಅವಳು ಈಗ ಮಾಡೋದು ಅದೊಂದೇ ತಮಾಷೆ."

ಗಂಟೆ ಹೊಡೆಯಿತು, ಹುಡುಗಿ ತರಗತಿಗೆ ಹೋದಳು. ಡಿಂಪ್ನಾಗೆ ನಾಚಿಕೆಯಾಯಿತು. ಯಾರಿಗೂ ಕೆಡುಕು ಮಾಡದ ಕೆಲಸವೆಂದುಕೊಂಡೇ ಅಲ್ಲವೇ ಅವಳು ಇಷ್ಟು ವರ್ಷ ಬರೆದದ್ದು! ಬೆಟ್ಟದ ಸಾಲನ್ನು ಅಳಿಸಿದಳು. ಆ ಜಾಗಕ್ಕೆ ಕಳೆದುಹೋದ ಕೋಟುಗಳ ಪ್ರಕಟಣೆ ಸರಿಯಾಗಿ ಕೂತಿತು.

ಅಚ್ಚಿಗೆ ಹೋಗುವ ಮುನ್ನ ಮಿಸ್ಟರ್ ಟಾನ್ಸಿ ಪಟ್ಟಿ ಹಿಡಿದು ಬಂದರು.

"ಇದರಲ್ಲಿ ಎಂಬತ್ತೇ ಗುರುತು ಇದೆಯಲ್ಲ ಡಿಂಪ್ನಾ?"

"ಎಂಬತ್ತೇ ಸರ್."

"ಬಿಷಪ್ ಅವರ ಮುಂದೆ ಎಂಬತ್ತೊಂದು ಅನ್ನೋಕೆ ಬರ್ಕೊಂಡಿದೀನಿ. ಅವರೆದುರಿಗೆ ಸುಳ್ಳು ಹೇಳ್ಲಾ?"

"ಎಂಬತ್ತು ಅನ್ನಿ ಸರ್. ಸುಳ್ಳಾಗಲ್ಲ."

"ಇಪ್ಪತ್ಮೂರು ವರ್ಷ ತಪ್ಪದೇ ಇದ್ದದ್ದು ಕಣ್ರೀ! ಒಂದು ಸಾಲು ಬರೆಯೋಕೆ ಏನು ಕಷ್ಟ?"

"ಕಷ್ಟ ಇಲ್ಲ ಸರ್. ಬರೆಯಲ್ಲ."

ಮಿಸ್ಟರ್ ಟಾನ್ಸಿ ಎರಡು ದಿನ ಅವಳ ಜೊತೆ ಹವಾಮಾನದ ವಿಷಯ ಮಾತ್ರ ಮಾತಾಡಿದರು. ಭಾಷಣದಿಂದ ಆ ಭಾಗ ಬಿಟ್ಟುಹೋಯಿತು. ಅದರಿಂದ ಭಾಷಣಕ್ಕೇನೂ ನಷ್ಟವಾಗಲಿಲ್ಲ.

ಪೂಜೆ ಮುಗಿದು ಸಭಾಂಗಣದಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ಡಿಂಪ್ನಾ ಬಾಗಿಲಲ್ಲಿ ನಿಂತು ಸುದ್ದಿಪತ್ರ ಹಂಚುತ್ತಿದ್ದಳು. ಮಿಸೆಸ್ ಲಾವಿನ್ ಹೊಸ ಟೋಪಿ ಹಾಕಿಕೊಂಡು ಬಂದು ಒಂದು ಪ್ರತಿ ತೆಗೆದುಕೊಂಡರು. ಅಲ್ಲೇ ನಿಂತು ನಾಲ್ಕೂ ಪುಟ ಬೆರಳಿಟ್ಟು ಓದಿದರು, ತಿರುಗಿಸಿ ಮತ್ತೆ ಓದಿದರು. ಮುಖ ಕೆಂಪಾಯಿತು.

"ಮಿಸ್ ಗಿಲ್‌ರಾಯ್, ನಮ್ಮ ಕೀವಾ ಹೆಸರಿಲ್ಲ."

"ಇಲ್ಲ ಮಿಸೆಸ್ ಲಾವಿನ್."

"ಆರು ವರ್ಷ ಕಾದಿದೀನಿ. ಯಾರ್ಯಾರದೋ ಹಸು, ಕರು, ಹಲ್ಲುನೋವು ಎಲ್ಲ ಬರತ್ತೆ. ನನ್ನ ಮಗಳೇನು ಮಾಡಿದ್ಲು ನಿಮಗೆ?"

ಚಹಾದ ಮೇಜಿನ ಬಳಿ ಕೀವಾ ಕಪ್ಪು ಹಿಡಿದು ಈ ಕಡೆಯೇ ನೋಡುತ್ತಿದ್ದಳು. ಅವಳೇ ಬೇಡವೆಂದಳು ಎಂದರೆ ಮುಗಿಯಿತು, ಡಿಂಪ್ನಾ ಪಾರು.

"ಅವಳೇನೂ ಮಾಡಿಲ್ಲ. ತಪ್ಪು ನನ್ನದು" ಎಂದಳು ಡಿಂಪ್ನಾ.

"ರೋಷೀನ್ ಹೆಸರು ಒಂದೇ ಒಂದು ಸಲಾನೂ ಮರೀಲಿಲ್ಲ ನೀವು!"

"ಮರೀಲಿಲ್ಲ" ಎಂದಳು ಡಿಂಪ್ನಾ. "ಅದೂ ನನ್ನ ತಪ್ಪೇ ಮಿಸೆಸ್ ಲಾವಿನ್."

ಮಿಸೆಸ್ ಲಾವಿನ್ ಹೊರಗಡೆ ತಿರುಗಿದರು. ತೆರೆದ ಬಾಗಿಲಿನಾಚೆ, ಗೇಟಿನ ಹೊರಗೆ ಅವರ ಕಾರು ನಿಂತಿತ್ತು. ಒಳಗೆ ರೋಷೀನ್ ಕೂತಿದ್ದಳು. ಬೆಳಗಿನಿಂದ ಎಷ್ಟು ಕರೆದರೂ ಇಳಿದು ಬಂದಿರಲಿಲ್ಲ. ಅವಳ ತಾಯಿ ಬಹಳ ಹೊತ್ತು ಆ ಕಡೆಯೇ ನೋಡಿದರು. ಆಮೇಲೆ ಕೈಯಲ್ಲಿದ್ದ ಸುದ್ದಿಪತ್ರವನ್ನು ಡಿಂಪ್ನಾಗೆ ವಾಪಸು ಕೊಟ್ಟು, ಒಳಗೆ ಹೋಗಿ ಒಂದು ತಟ್ಟೆಗೆ ಎರಡು ಸ್ಯಾಂಡ್‌ವಿಚ್ ಹಾಕಿಕೊಂಡು ಕಾರಿನ ಕಡೆ ನಡೆದರು.